ಹಲಸಿನ ಮಿಡಿ ಕಪ್ಪಾಗಿ ಉದುರುತ್ತಿದೆಯೇ? ಪಂಪು ಎತ್ತುವ ಮುಂಚೆ ನೆಲ ನೋಡಿ

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಫೋನು ಬರಲು ಶುರುವಾಗುತ್ತದೆ. "ಮರದ ತುಂಬ ಮಿಡಿ ಇತ್ತು ಮಾರಾಯ, ಈಗ ನೋಡಿದ್ರೆ ಎಲ್ಲ ಕಪ್ಪಾಗಿ ಉದುರ್ತಾ ಇದೆ. ಏನು ಹೊಡೀಲಿ?"

ನಮ್ಮ ಮಲೆನಾಡಿನವರಿಗೆ ಈ "ಏನು ಹೊಡೀಲಿ" ಅನ್ನೋದು ನಾಲಿಗೆ ಮೇಲೇ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆಂದು ಮೈಲುತುತ್ತ, ಸುಣ್ಣ, ಪಂಪು ಎಲ್ಲ ಮನೆಯಲ್ಲೇ ಇದೆ. ಕೈಗೆ ಸಿಕ್ಕಿದ್ದನ್ನು ಹೊಡೆದುಬಿಡೋಣ ಅನಿಸುವುದು ಸಹಜ. ನಾನೂ ಹೊಡೆದವನೇ. ಹಿತ್ತಿಲಿನ ಬಕ್ಕೆ (ಗಟ್ಟಿ ತೊಳೆಯ) ಹಲಸಿಗೆ ಒಂದು ವರ್ಷ ಮೂರು ಸಲ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಬೆರೆಸಿದ ಬೂಷ್ಟುನಾಶಕ, ಹೊಡೆದೆ. ಏಣಿ ಹಾಕಿ, ಕೊಂಬೆಗೆ ಹಗ್ಗ ಕಟ್ಟಿ, ಮರ ನೀಲಿಯಾಗುವಷ್ಟು. ಮಿಡಿ ಉದುರುವುದು ನಿಲ್ಲಲಿಲ್ಲ. ನಾಲ್ಕನೇ ಸಲಕ್ಕೆ ಸುಣ್ಣ ನೆನೆಹಾಕುವಾಗ ಅಮ್ಮ ಅಂಗಳದಿಂದ ಒಂದು ಕಪ್ಪು ಮಿಡಿ ಹೆಕ್ಕಿ ತಂದು ನನ್ನ ಮುಂದೆ ಇಟ್ಟಳು. "ಇದು ಗಂಡು. ಬೀಳೋದಕ್ಕೇ ಹುಟ್ಟಿದ್ದು. ಇದಕ್ಯಾಕೆ ಔಷಧಿ?"

ಮೂರು ಸಲದ ಮೈಲುತುತ್ತ, ಒಬ್ಬ ಆಳಿನ ಮೂರು ದಿನದ ಸಂಬಳ, ಎಲ್ಲ ಗಂಡು ಹೂವಿನ ಪಾಲಾಗಿತ್ತು. ಹಾಗಾಗಿ ಈಗ ಯಾರು ಫೋನು ಮಾಡಿದರೂ ನಾನು ಕೇಳುವುದು ಒಂದೇ: ಬಿದ್ದದ್ದು ಗಂಡೋ, ಹೆಣ್ಣೋ?

ಮೊದಲು ಇಪ್ಪತ್ತು ಮಿಡಿ ಹೆಕ್ಕಿ

ಒಂದು ಬುಟ್ಟಿ, ಹರಿತವಾದ ಚಾಕು, ಹಳೇ ಪೇಪರು, ಸ್ವಲ್ಪ ಕೊಬ್ಬರಿ ಎಣ್ಣೆ ತಗೊಳ್ಳಿ. ಎಣ್ಣೆ ಕೈಗೂ ಚಾಕುವಿಗೂ. ಮರೆತರೆ ಮೇಣ ಬಿಡಿಸಿಕೊಳ್ಳಲು ಅರ್ಧ ಗಂಟೆ ಬೇಕು. ಮರದ ಬುಡದಿಂದ ಹಿಡಿದು ಕೊಂಬೆಯ ನೆರಳು ಮುಗಿಯುವಲ್ಲಿಯವರೆಗೆ ಸುತ್ತಾಡಿ, ಸಿಕ್ಕ ಇಪ್ಪತ್ತು ಮಿಡಿ ಹೆಕ್ಕಿ. ಚಂದ ಇದ್ದದ್ದು, ಕೊಳೆತದ್ದು ಅಂತ ಆರಿಸಬೇಡಿ. ಎಲ್ಲವನ್ನೂ ಪೇಪರಿನ ಮೇಲೆ ಹರಡಿ.

ಹಲಸಿನಲ್ಲಿ ಗಂಡು ಹೂವು, ಹೆಣ್ಣು ಹೂವು ಒಂದೇ ಮರದಲ್ಲಿ ಬೇರೆ ಬೇರೆಯಾಗಿ ಬರುತ್ತವೆ. ಎರಡೂ ದೂರಕ್ಕೆ ಮಿಡಿಯಂತೆಯೇ ಕಾಣುತ್ತವೆ. ಅಲ್ಲೇ ಎಲ್ಲರೂ ಮೋಸ ಹೋಗುವುದು. ನಿಜವಾಗಿ ಆ ಒಂದೊಂದು 'ಮಿಡಿ'ಯೂ ನೂರಾರು ಸಣ್ಣ ಹೂಗಳ ಗೊಂಚಲು.

ತೊಟ್ಟಿನಿಂದ ಶುರುಮಾಡಿ. ಗಂಡಿನ ತೊಟ್ಟು ಸಪೂರ. ಹೆಣ್ಣಿನ ತೊಟ್ಟು ದಪ್ಪ, ಮತ್ತು ತೊಟ್ಟು ಮಿಡಿಗೆ ಸೇರುವ ಜಾಗದಲ್ಲಿ ಒಂದು ಹಸಿರು ಬಳೆ ಇರುತ್ತದೆ. ಉಂಗುರ ಹಾಕಿದ ಹಾಗೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಆಮೇಲೆ ಮೈ ಸವರಿ ನೋಡಿ. ಗಂಡು ನಯ. ಅರಳಿದ ಹೊಸದರಲ್ಲಿ ಹಳದಿ ಹುಡಿ ಬೆರಳಿಗೆ ಅಂಟುತ್ತದೆ, ಬೆಲ್ಲದ ಪಾಕ ಸೀದಂಥ ಒಂದು ಸಿಹಿ ವಾಸನೆ ಇರುತ್ತದೆ. ಹೆಣ್ಣಿನ ಮೈ ಒರಟು, ಸಣ್ಣ ಸಣ್ಣ ಕೂದಲು ಎದ್ದು ನಿಂತ ಹಾಗೆ. ಆ ಒಂದೊಂದು ಕೂದಲೂ ಒಂದೊಂದು ಹೂವಿನ ಶಲಾಕೆಯ ತುದಿ, ಪರಾಗ ಹಿಡಿಯುವ ಜಾಗ. ಮುಂದೆ ಅದೇ ಜಾಗ ಹಣ್ಣಿನ ಮುಳ್ಳಾಗುತ್ತದೆ.

ಬೆಳೆದ ಜಾಗವೂ ಸುಳಿವು ಕೊಡುತ್ತದೆ. ಸಣ್ಣ ರೆಂಬೆಗಳ ತುದಿಯಲ್ಲಿ ಇರುವುದು ಬಹುತೇಕ ಗಂಡು. ಹೆಣ್ಣು ಬರುವುದು ಕಾಂಡದಲ್ಲಿ, ದಪ್ಪ ಕೊಂಬೆಯಲ್ಲಿ. ಅಷ್ಟು ತೂಕ ಹೊರಬೇಕಲ್ವಾ! ಆದರೆ ಕಾಂಡದ ಗೊಂಚಲಿನಲ್ಲಿ ಒಂದು ಹೆಣ್ಣಿನ ಪಕ್ಕ ಎರಡು ಗಂಡು ಇರುವುದೂ ಮಾಮೂಲು. ಹಾಗಾಗಿ ಜಾಗ ನೋಡಿ ತೀರ್ಪು ಕೊಡಬೇಡಿ, ಬಳೆ ನೋಡಿ.

ಈಗ ಲೆಕ್ಕ ಮಾಡಿ. ಇಪ್ಪತ್ತಕ್ಕೆ ಹದಿನೆಂಟು, ಹತ್ತೊಂಬತ್ತು ಗಂಡೇ ಇದ್ದರೆ ನಿಮ್ಮ ಮರಕ್ಕೆ ರೋಗ ಇಲ್ಲ. ಪರಾಗ ಉದುರಿಸಿದ ಮೇಲೆ ಗಂಡಿಗೆ ಕೆಲಸ ಮುಗಿಯಿತು. ಅದರ ಮೇಲೆ ಬಿಳಿ ಬೂಷ್ಟು ಬರುತ್ತದೆ, ಕಪ್ಪಾಗುತ್ತದೆ, ಬೀಳುತ್ತದೆ. ಪ್ರತಿ ವರ್ಷ, ಪ್ರತಿ ಮರದಲ್ಲಿ.

ಆ ಬೂಷ್ಟನ್ನು ಬೈಯುವ ಮುಂಚೆ ಇನ್ನೊಂದು ಮಾತು. ಹಲಸಿನ ಹತ್ತಿರದ ನೆಂಟ ಚೆಂಪೆಡಕ್ ಅನ್ನೋ ಹಣ್ಣು ಮಲೇಷ್ಯಾ ಕಡೆ ಬೆಳೆಯುತ್ತದೆ. ಅದರ ಗಂಡು ಹೂವಿನ ಬೂಷ್ಟನ್ನು ತಿನ್ನಲು ಸಾಸಿವೆಗಿಂತ ಸಣ್ಣ ನೊಣಗಳು ಬರುತ್ತವೆ, ಅವೇ ಪರಾಗ ಹೊತ್ತು ಹೆಣ್ಣಿಗೆ ಮುಟ್ಟಿಸುತ್ತವೆ ಅಂತ ಸರವಾಕ್‌ನ ಕಾಡಿನಲ್ಲಿ ಕೂತು ನೋಡಿದವರು 2000ದಲ್ಲಿ ಬರೆದರು. ನಮ್ಮ ಹಲಸಿಗೂ ಅದೇ ಬಳಗದ ಪುಟ್ಟ ನೊಣಗಳು ಪರಾಗ ಮುಟ್ಟಿಸುತ್ತವೆ ಅಂತ 2018ರಲ್ಲಿ ಗೊತ್ತಾಯಿತು. ನಾನು ಮೂರು ಸಲ ಬೋರ್ಡೋ ಹೊಡೆದದ್ದು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಗಂಡು ಬಿದ್ದದ್ದು ಸರಿ, ಹೆಣ್ಣು ಎಷ್ಟಿದೆ? ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಕಾಂಡ, ದಪ್ಪ ಕೊಂಬೆ ಎಲ್ಲ ನೋಡಿ ಎಣಿಸಿಕೊಳ್ಳಿ. ಒಂದೂ ಇಲ್ಲದಿದ್ದರೆ ಮರದ ವಯಸ್ಸು ಕೇಳಿ. ಎಳೆ ಮರ ಮೊದಲ ವರ್ಷ ಬರೀ ಗಂಡನ್ನೇ ಬಿಡುವುದು ಹೆಚ್ಚು. ಬೆಳೆದ ಮರದಲ್ಲೂ ಗಂಡು ಮೊದಲು ಕಾಣಿಸಿಕೊಳ್ಳುತ್ತದೆ, ಹೆಣ್ಣು ಹಿಂದಿನಿಂದ. ಒಂದು ತಿಂಗಳು ಸುಮ್ನೆ ಇರಿ.

ಬಿದ್ದದ್ದು ಹೆಣ್ಣು, ಮೈಮೇಲೆ ಬೂಷ್ಟು

ಇದು ನಿಜವಾದ ರೋಗ. ಹೆಬ್ಬೆರಳಿನಿಂದ ಒತ್ತಿ. ಒತ್ತಿದಲ್ಲಿ ಮೆತ್ತಗೆ ಕುಸಿದು ನೀರು ಬಂದರೆ, ಸುತ್ತ ಕಂದು ಕಲೆ, ಅದರ ಮೇಲೆ ಬಿಳಿ ನೂಲು, ನೂಲಿನ ತುದಿಯಲ್ಲಿ ಕಪ್ಪು ಹುಡಿ ಇದ್ದರೆ ಅದು ರೈಜೋಪಸ್ ಅನ್ನೋ ಶಿಲೀಂಧ್ರದ ಕೊಳೆ. ಹಳಸಿದ ಬ್ರೆಡ್ಡಿನ ಮೇಲೆ ಕಪ್ಪು ಬೂಷ್ಟು ಬರುತ್ತದಲ್ಲ, ಅದೇ ಕುಲ. ಗಂಡಿನ ಮೇಲೆ ಬರುವುದೂ ಇದೇ. ಗಂಡಿಗೆ ಬಂದರೆ ಸಾವಿನ ನಂತರದ ಕಥೆ, ಹೆಣ್ಣಿಗೆ ಬಂದರೆ ಸಾವಿಗೇ ಕಾರಣ.

ಮಾಘದಲ್ಲಿ ಒಂದು ಅಕಾಲ ಮಳೆ ಬಿದ್ದು, ಹಿಂದೆಯೇ ಮೂರು ದಿನ ಮಂಜು ಕವಿದು, ಮಧ್ಯಾಹ್ನ ಸೆಕೆ ಆದರೆ ಇದು ಬರುತ್ತದೆ ಅಂತಲೇ ಲೆಕ್ಕ. ಹರಡುವ ದಾರಿ ತುಂಬ ಸುಲಭ. ಕೊಳೆತ ಗಂಡೊಂದು ಉದುರುವಾಗ ಗೊಂಚಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪಕ್ಕದ ಹೆಣ್ಣಿಗೆ ಅಂಟಿ ಕೂರುತ್ತದೆ. ಎರಡು ದಿನ ಸಾಕು. ಹೋದ ವರ್ಷ ನಮ್ಮ ತೋಟದ ಅಂಚಿನ ಅಂಬಲಿ (ಮೆತ್ತನೆ ತೊಳೆಯ ಹಲಸು) ಮರದಲ್ಲಿ ಐದು ಹೆಣ್ಣಿನ ಒಂದು ಗೊಂಚಲು ನೋಡಿದೆ. ನಡುವೆ ಒಂದು ಕರಿ ಗಂಡು ಬೆಣೆ ಹೊಡೆದ ಹಾಗೆ ಕೂತಿತ್ತು. ಅದಕ್ಕೆ ತಾಗಿದ ಮೂರರಲ್ಲೂ ತಾಗಿದ ಜಾಗಕ್ಕೇ ಸರಿಯಾಗಿ ಕಲೆ. ದೂರ ಇದ್ದ ಎರಡು ಹಸಿರಾಗಿಯೇ ಇದ್ದವು.

ಹಾಗಾಗಿ ಮೊದಲ ಕೆಲಸ ಔಷಧಿ ಅಲ್ಲ, ಕೈ. ಬಿದಿರಿನ ಗಳುವಿನ ತುದಿಗೆ ಕತ್ತಿ ಕಟ್ಟಿ, ಗೊಂಚಲಿನಲ್ಲಿ ಸಿಕ್ಕಿಕೊಂಡ ಒಣ ಗಂಡುಗಳನ್ನು ಬಿಡಿಸಿ ಬೀಳಿಸಿ. ಕೊಳೆತ ಹೆಣ್ಣನ್ನು ತೊಟ್ಟು ಸಮೇತ ತೆಗೆಯಿರಿ. ನೆಲದ ಮೇಲಿನ ಕೊಳೆತದ್ದನ್ನು ಗುಡಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಕಾಂಡಕ್ಕೆ ಗಾಳಿ ಬೆಳಕು ಬೀಳುವ ಹಾಗೆ ಸಣ್ಣ ರೆಂಬೆ, ಹಬ್ಬಿದ ಕಾಳುಮೆಣಸಿನ ಬಳ್ಳಿ ಸ್ವಲ್ಪ ಸವರಿ. ಹಲಸಿಗೆ ಮೆಣಸು ಹಬ್ಬಿಸಿದವರಿಗೆ ಈ ಕೊನೆಯ ಮಾತು ಕಹಿ, ಗೊತ್ತು. ಆ ಮರದಿಂದ ಹಣ್ಣು ಬೇಕೋ ಮೆಣಸು ಬೇಕೋ ಅಂತ ನೀವೇ ತೀರ್ಮಾನಿಸಿ.

ಇಷ್ಟಾದ ಮೇಲೂ ಮೋಡ ಬಿಡದಿದ್ದರೆ ಶೇಕಡಾ 1ರ ಬೋರ್ಡೋ ಹೊಡೆಯಬಹುದು. ಒಂದು ಮರಕ್ಕೆ ಹತ್ತು ಲೀಟರು ಸಾಕು. 100 ಗ್ರಾಂ ಮೈಲುತುತ್ತ 5 ಲೀಟರಿನಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿನಲ್ಲಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಿ, ತಿರುಗಾಮುರುಗಾ ಮಾಡಬೇಡಿ. ಕೊನೆಗೆ ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ. ಅಲಗು ಕೆಂಪಗಾದರೆ ಸುಣ್ಣ ಕಡಿಮೆ, ಇನ್ನಷ್ಟು ಹಾಕಿ. ಅಡಿಕೆಯವರಿಗೆ ಇದೆಲ್ಲ ಗೊತ್ತಿದ್ದದ್ದೇ, ಬಯಲುಸೀಮೆಯವರಿಗಾಗಿ ಹೇಳಿದೆ. ಮಿಡಿಯ ಮೇಲೂ ಗೊಂಚಲಿನ ಬುಡಕ್ಕೂ ಬಿದ್ದರೆ ಸಾಕು, ಎಲೆ ತೋಯಿಸುವುದು ದಂಡ. ಹೆಣ್ಣು ಹೂವು ಅರಳಿದ ಹೊತ್ತಿನಲ್ಲಿ ಹೊಡೆಯಬೇಡಿ. ಮತ್ತೆ, ಔಷಧಿ ಬಿದ್ದ ಗುಜ್ಜೆಯನ್ನು (ಪಲ್ಯಕ್ಕೆ ಕುಯ್ಯುವ ಎಳೆ ಹಲಸನ್ನು) ಅಡುಗೆ ಮನೆಗೆ ತರಬೇಡಿ.

ಬಿದ್ದದ್ದು ಹೆಣ್ಣು, ಆದರೆ ಬೂಷ್ಟಿಲ್ಲ

ಮಿಡಿ ಗಟ್ಟಿಯಾಗಿದೆ, ಹಳದಿ ತಿರುಗಿದೆ, ತೊಟ್ಟು ಒಣಗಿದೆ, ಒಳಗೆ ಕುಯ್ದರೆ ಎಲ್ಲ ಸರಿ ಇದೆ. ಇದು ಮರವೇ ಬಿಟ್ಟದ್ದು. ಒಂದು ಗೊಂಚಲಿನಲ್ಲಿ ಐದಾರು ಹಿಡಿದರೆ ಅಷ್ಟನ್ನೂ ಸಾಕುವ ಶಕ್ತಿ ಮರಕ್ಕಿಲ್ಲ. ತಾನೇ ಒಂದೆರಡು ಉಳಿಸಿಕೊಳ್ಳುತ್ತದೆ.

ಮರ ಬಿಡುವ ಮುಂಚೆ ನೀವೇ ತೆಗೆದರೆ ಪಲ್ಯಕ್ಕಾಯಿತು. ತೆಂಗಿನಕಾಯಿ ಗಾತ್ರಕ್ಕೆ ಬರುವಾಗ ಗೊಂಚಲಿಗೆ ಒಂದೋ ಎರಡೋ ಬಿಟ್ಟು ಮಿಕ್ಕದ್ದನ್ನು ಗುಜ್ಜೆಗೆ ಕುಯ್ಯಿರಿ. ಉಳಿದವು ದೊಡ್ಡದಾಗುತ್ತವೆ. ಹೀಗೆ ಕೈಯಾರೆ ಕಡಿಮೆ ಮಾಡಲು ಮನಸ್ಸು ಬರುವುದಿಲ್ಲ ನಿಜ. ನಮ್ಮಪ್ಪನಿಗೆ ಕೊನೆವರೆಗೂ ಬರಲಿಲ್ಲ.

ಗೊಂಚಲಿನಲ್ಲಿ ಒಂದೇ ಇದ್ದು ಅದೂ ಹೀಗೆ ಉದುರಿದರೆ ನೀರಿನ ವಿಚಾರ. ಹಳೇ ಮರದ ಬೇರು ಆಳದಲ್ಲಿರುತ್ತದೆ, ಅದಕ್ಕೆ ಯಾರೂ ನೀರು ಹಾಕುವುದಿಲ್ಲ, ಬೇಕಾಗುವುದೂ ಇಲ್ಲ. ನಾಲ್ಕಾರು ವರ್ಷದ ಕಸಿ ಗಿಡದ ಕಥೆ ಬೇರೆ. ತುಮಕೂರು, ಕೋಲಾರದ ಕಡೆ ಫೆಬ್ರವರಿ ಬಿಸಿಲಿಗೆ ಅದು ತಡೆಯುವುದಿಲ್ಲ. ಮಿಡಿ ಹಿಡಿದ ಮೇಲೆ ವಾರಕ್ಕೊಮ್ಮೆ ಹದವಾಗಿ ನೀರು ಕೊಡಿ, ಬುಡಕ್ಕೆ ದರಗು (ಒಣ ಎಲೆ) ಹೊದಿಸಿ. ತಿಂಗಳು ಒಣಗಿಸಿ ಒಂದೇ ದಿನ ಕೆರೆ ಮಾಡುವುದು ಒಣಗಿಸಿದ್ದಕ್ಕಿಂತ ಕೆಟ್ಟದ್ದು.

ಮಿಡಿಯಲ್ಲಿ ತೂತು, ತೂತಿನ ಬಾಯಲ್ಲಿ ಹುಡಿ

ಹುಳ. ಒಂದು ಪತಂಗದ ಮರಿ ಚಿಗುರನ್ನೂ ಕೊರೆಯುತ್ತದೆ, ಮಿಡಿಯನ್ನೂ ಕೊರೆಯುತ್ತದೆ. ಎರಡು ಮಿಡಿ ಒಂದಕ್ಕೊಂದು ತಾಗಿದ ಸಂದಿ ಇದಕ್ಕೆ ಬಹಳ ಇಷ್ಟ. ಗೊಂಚಲು ಕಡಿಮೆ ಮಾಡಿದವರಿಗೆ ಇಲ್ಲೂ ಲಾಭ. ತೂತು ಬಿದ್ದದ್ದನ್ನು ಕುಯ್ದು ಹುಳ ಸಮೇತ ನಾಶ ಮಾಡಿ. ಉಳಿದ ಮಿಡಿಗೆ ಹಳೇ ಗೋಣಿಚೀಲವೋ ಪೇಪರೋ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ಬೆವೆತು ಕೊಳೆ ಬರುತ್ತದೆ. ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯ ನೆನಪಿನಲ್ಲಿ ಅದನ್ನೇ ಹಲಸಿಗೂ ಕಟ್ಟಿದವರನ್ನು ನೋಡಿದ್ದೇನೆ.

ಕಾಯಿ ಸೊಟ್ಟ, ಒಳಗೆ ತೊಳೆ ಕಡಿಮೆ

ಇದನ್ನು ರೋಗ ಅಂದುಕೊಳ್ಳುವವರು ಜಾಸ್ತಿ. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಗುಳಿ ಬಿದ್ದ ಹಣ್ಣನ್ನು ಅಡ್ಡ ಕುಯ್ದು ನೋಡಿ. ಉಬ್ಬಿದ ಕಡೆ ತೊಳೆ, ಗುಳಿ ಕಡೆ ಬರೀ ನಾರು. ಒಂದು ತೊಳೆ ಅಂದರೆ ಪರಾಗ ಸಿಕ್ಕಿದ ಒಂದು ಹೂವು. ತೊಳೆಗಳ ನಡುವಿನ ನಾರು ಅಂದರೆ ಪರಾಗ ಸಿಗದ ಹೂವು. ಅಷ್ಟೇ ಲೆಕ್ಕ. ಗುಳಿ ಇರುವ ಕಡೆಗೆ ಪರಾಗ ತಲುಪಲಿಲ್ಲ.

ಕಸಿ ಗಿಡ ಒಂಟಿಯಾಗಿದ್ದು, ಹೆಣ್ಣು ಅರಳುವ ಹೊತ್ತಿಗೆ ಅದರ ಗಂಡುಗಳೆಲ್ಲ ಉದುರಿ ಹೋಗಿದ್ದರೆ ಹೀಗಾಗುತ್ತದೆ. ಹತ್ತಿರದಲ್ಲಿ ಇನ್ನೊಂದು ಹಲಸು ಇದ್ದರೆ ಒಳ್ಳೆಯದು. ಒಂದೆರಡು ಮರ ಇಟ್ಟುಕೊಂಡವರು ಕೈಯಿಂದಲೂ ಮಾಡಬಹುದು. ಹಳದಿ ಹುಡಿ ಉದುರುತ್ತಿರುವ ಗಂಡನ್ನು ಬೆಳಿಗ್ಗೆ ಕಿತ್ತು, ಕೂದಲೆದ್ದ ಹೆಣ್ಣಿನ ಮೈಗೆಲ್ಲ ಮೆಲ್ಲಗೆ ಸವರಿ. ಸುತ್ತಲೂ ಸವರಬೇಕು, ಎದುರಿಗೆ ಕಾಣುವ ಕಡೆ ಮಾತ್ರ ಅಲ್ಲ.

ಮಿಡಿ ಮಾತ್ರವಲ್ಲ, ಮರವೇ ಸೊರಗುತ್ತಿದ್ದರೆ

ಬುಡ ನೋಡಿ. ಕಾಂಡದ ಕೆಳಗೆ ಮರಗೆಲಸದವರ ಕೊಟ್ಟಿಗೆಯಲ್ಲಿ ಬೀಳುವಂಥ ಹುಡಿ ಬಿದ್ದಿದ್ದರೆ ಒಳಗೆ ಕಾಂಡ ಕೊರಕ ಇದೆ. ಉದ್ದ ಮೀಸೆಯ ದುಂಬಿಯ ಮರಿ ಅದು, ಮಾವಿಗೂ ಬರುತ್ತದೆ. ತೂತು ಹುಡುಕಿ, ಸೈಕಲ್ಲಿನ ಕಡ್ಡಿ ತೂರಿಸಿ ಎಳೆಯಿರಿ. ಹುಳ ಸಿಗದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣು ಮೆತ್ತಿ. ಬೀಡಿ ಸೇದುತ್ತಾ ಈ ಕೆಲಸ ಮಾಡಬೇಡಿ. ಹುಡಿ ಇಲ್ಲ, ಬದಲಿಗೆ ತೊಗಟೆಯ ಮೇಲೆ ಜೇಡರ ಬಲೆಯಂಥ ಕಂದು ಪಟ್ಟಿ ಇದ್ದರೆ ಅದು ತೊಗಟೆ ತಿನ್ನುವ ಹುಳ. ಪಟ್ಟಿ ಗುಡಿಸಿ, ಅದರ ಕೊನೆಯಲ್ಲಿರುವ ತೂತಿಗೆ ಇದೇ ಉಪಚಾರ.

ಮಳೆಗಾಲದಲ್ಲಿ ಕೊಂಬೆಯ ಮೇಲೆ ನಸುಗೆಂಪು ಬಣ್ಣ ಬಳಿದ ಹಾಗೆ ಕಂಡು, ಅಲ್ಲಿಂದಾಚೆ ಕೊಂಬೆ ಒಣಗಿದರೆ ಗುಲಾಬಿ ರೋಗ. ರಬ್ಬರ್ ತೋಟದವರಿಗೆ ಇದು ಹಳೇ ಪರಿಚಯ. ಒಣಗಿದ್ದಕ್ಕಿಂತ ಒಂದು ಗೇಣು ಕೆಳಗೆ ಕುಯ್ದು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಕುಯ್ದ ಕೊಂಬೆ ಸುಡಿ.

ಇದು ಯಾವುದೂ ಅಲ್ಲ, ಎಲೆ ಹಳದಿಯಾಗಿ ತುದಿಯಿಂದ ಒಣಗುತ್ತಾ ಬರುತ್ತಿದೆ ಅಂದರೆ ನೆಲ ಅಗೆಯಬೇಕು. ಹಲಸು ಬರ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಕೊಂಬೆಯ ನೆರಳಿನ ಅಂಚಿನಲ್ಲಿ ಎರಡಡಿ ಗುಂಡಿ ತೆಗೆಯಿರಿ. ಮಣ್ಣು ಕೆಸರಾಗಿ ಹುಳಿ ವಾಸನೆ ಬಂದರೆ, ಬೇರು ಕಪ್ಪಾಗಿ ಸಿಪ್ಪೆ ಕಳಚಿದರೆ ಉತ್ತರ ಸಿಕ್ಕಿತು. ಕೇಳಬೇಕಾದ ಪ್ರಶ್ನೆ: ಕಳೆದ ಎರಡು ವರ್ಷದಲ್ಲಿ ಇಲ್ಲಿ ಜೆಸಿಬಿ ಬಂದಿತ್ತಾ? ನೂರಕ್ಕೆ ಎಂಬತ್ತು ಪಾಲು ಬಂದಿರುತ್ತದೆ. ರಸ್ತೆ ಎತ್ತರಿಸಿರುತ್ತಾರೆ, ಅಂಗಳ ಸಮ ಮಾಡಿ ಬುಡಕ್ಕೆ ಮಣ್ಣು ಒಟ್ಟಿರುತ್ತಾರೆ, ಅಥವಾ ಕೃಷಿಹೊಂಡ ತೆಗೆದಿರುತ್ತಾರೆ.

ಹೂವೇ ಬಿಡುತ್ತಿಲ್ಲ

ಬೀಜದ ಗಿಡವೋ ಕಸಿಯೋ ಕೇಳಿ. ಕಸಿ ಮೂರು ನಾಲ್ಕು ವರ್ಷಕ್ಕೆ ಶುರುಮಾಡುತ್ತದೆ. ಬೀಜದ್ದು ಏಳೆಂಟು ವರ್ಷವಾದರೂ ಬೇಕು, ಇನ್ನೂ ತಡವಾದರೂ ಅಚ್ಚರಿಯಿಲ್ಲ. "ಒಳ್ಳೇ ಹಣ್ಣಿನ ಬೀಜ ಹಾಕಿದ್ದೆ, ಬಂದದ್ದು ಸಪ್ಪೆ ಅಂಬಲಿ" ಅನ್ನೋ ದೂರಿಗೂ ಇದೇ ಉತ್ತರ. ಹಲಸಿನ ಬೀಜ ತಾಯಿಯ ಗುಣ ಹಾಗೇ ತರುವುದಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಒಂದು ಮರ 'ಸಿದ್ದು' ಹಲಸು ಅಂತ ಹೆಸರಾದದ್ದು ಹಾಗೆ. ಎರಡೂವರೆ ಕೆಜಿ ಆಸುಪಾಸಿನ ಪುಟ್ಟ ಹಣ್ಣು, ತಾಮ್ರದ ಕೆಂಪು ತೊಳೆ. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ಮರದ ರೈತರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಲು ಹೊರಟಿತು. ಬೀಜದಿಂದಲೇ ಬರುವಂತಿದ್ದರೆ ಅಷ್ಟೆಲ್ಲ ಯಾಕೆ?

ಕಸಿ ಗಿಡ ಆರು ವರ್ಷವಾದರೂ ಬಿಟ್ಟಿಲ್ಲ ಅಂದರೆ ಕಸಿಯ ಗಂಟು ನೋಡಿ. ಗಂಟಿನ ಕೆಳಗಿಂದ ಬಂದ ಚಿಗುರು ಮೇಲಿನದ್ದನ್ನು ನುಂಗಿರಬಹುದು. ಎಳೆಯದಾಗಿದ್ದಾಗ ಹಿಡಿಯಲು ಸುಲಭ. ಬೀಜದ ಸಸಿಯ ಎಲೆಗೆ ಎಷ್ಟೋ ಸಲ ಅಂಗೈ ಬೆರಳಿನ ಹಾಗೆ ಸೀಳು ಇರುತ್ತದೆ, ಬೆಳೆದ ಮರದ ಕಡ್ಡಿಯಿಂದ ಬಂದದ್ದಕ್ಕೆ ಇಡೀ ಎಲೆ. ಸೀಳೆಲೆಯ ಚಿಗುರು ಕಂಡ ದಿನವೇ ಚಿವುಟಿ. ಎಲ್ಲ ಸರಿ ಇದ್ದೂ ಬಿಡದಿದ್ದರೆ ನೆರಳೋ, ಯೂರಿಯಾವೋ. ಸಿಲ್ವರ್ ಓಕಿನ ಅಡಿಯಲ್ಲಿ ಹಲಸು ಎಲೆ ಬಿಡುತ್ತದೆ, ಕಾಯಿ ಬಿಡುವುದಿಲ್ಲ. ತೋಟದ ಗೊಬ್ಬರವೆಲ್ಲ ಹರಿದು ಬರುವ ತಗ್ಗಿನಲ್ಲೂ ಹಾಗೇ, ಕಪ್ಪು ಹಸಿರು ಎಲೆ ಮಾತ್ರ. ಯೂರಿಯಾ ನಿಲ್ಲಿಸಿ, ಮೇಲಿನ ನೆರಳು ತೆಗೆಯಿರಿ. ಬುಡಕ್ಕೆ ಕತ್ತಿಯಲ್ಲಿ ಕಚ್ಚು ಹಾಕಿ ಹೆದರಿಸುವ ಹಳೇ ಪದ್ಧತಿ ನಮ್ಮಲ್ಲೂ ಇದೆ. ಆ ಗಾಯದಲ್ಲಿ ಕೊರಕ ಮೊಟ್ಟೆಯಿಡುವುದನ್ನು ನೋಡಿದ ಮೇಲೆ ನಾನು ಬಿಟ್ಟೆ.

ಜೆಸಿಬಿ ಅಂದೆನಲ್ಲ. ಪಕ್ಕದ ಮನೆಯ ತುಳುವ (ಮೆತ್ತನೆ ತೊಳೆಯ) ಹಲಸು, ಅಜ್ಜನ ಕಾಲದ್ದು. ವರ್ಷಕ್ಕೆ ಎರಡು ಭರಣಿ ತೊಳೆ ಉಪ್ಪಿಗೆ ಹಾಕುವಷ್ಟು ಕಾಯಿ ಕೊಡುತ್ತಿದ್ದದ್ದು, ಎರಡು ವರ್ಷದ ಹಿಂದೆ ಒಂದೇ ಸಮ ಮಿಡಿ ಉದುರಿಸಿತು. ಅಂಗಡಿಯವರು ಹೇಳಿದ ಟಾನಿಕ್ಕು ಎರಡು ಬಾಟಲಿ ಮುಗಿದಿತ್ತು. ಹೋಗಿ ನೋಡಿದರೆ ಕಾಂಡ ನೆಲದಿಂದ ಕಂಬದ ಹಾಗೆ ನೆಟ್ಟಗೆ ಎದ್ದಿತ್ತು. ಹಲಸಿನ ಬುಡ ಹಾಗಿರುವುದಿಲ್ಲ, ಬೇರಿನ ಕಡೆಗೆ ಅಗಲವಾಗಿ ಹರಡಿರಬೇಕು. ಕಾರು ನಿಲ್ಲಿಸಲು ಅಂಗಳ ಎತ್ತರಿಸಿ ಎರಡಡಿ ಮಣ್ಣು ಸುರಿದಿದ್ದರು. ನಾಲ್ಕು ದಿನ ಕೂತು ಬುಡದ ಸುತ್ತ ಆರಡಿ ಅಗಲಕ್ಕೆ ಮಣ್ಣು ತೆಗೆದೆವು, ಗುದ್ದಲಿ ತಾಗದ ಹಾಗೆ ಕೊನೆಗೆ ಕೈಯಲ್ಲೇ. ಮಳೆ ನೀರು ಹೊರಗೆ ಹೋಗಲು ಒಂದು ಕಾಲುವೆ. ತುದಿಯ ಒಣ ಕೊಂಬೆ ಸವರಿದೆವು. ಹೋದ ವರ್ಷ ಬರೀ ಚಿಗುರು. ಈ ಸಲ ಬುಡದಿಂದ ಮೊಳಕೈ ಎತ್ತರದಲ್ಲಿ ಮೂರು ಹೆಣ್ಣು ಹಿಡಿದಿವೆ, ಮೂರಕ್ಕೂ ಬಳೆ ಇದೆ. ಒಂದನ್ನು ಗುಜ್ಜೆಗೆ ಕುಯ್ಯಿ ಅಂದರೆ ಆ ಮನೆಯವರು ಕೇಳುತ್ತಿಲ್ಲ.